ಸಿ ಲೈಬ್ರರಿಗೆ ಹೋದ ಊರ ಹೆಸರು: ‘ದಿಬ್ಬೂರಹಳ್ಳಿ’ಯ ಉದ್ದ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಬೇರೊಂದು ಭಾಷೆಯಿಂದ ಸಿ ಭಾಷೆಯ ಲೈಬ್ರರಿಯನ್ನು ಕರೆದಾಗ ಒಂದೇ ಕನ್ನಡ ಪದದ ಉದ್ದ ಹಲವು ಬಗೆಯಾಗಿ ಬರುವುದುಂಟು. ಅದನ್ನು ಪರಿಶೀಲಿಸಲು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಹೆಸರನ್ನು ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಅದರಲ್ಲಿ ಎರಡು ಒತ್ತಕ್ಷರಗಳಿವೆ. ಸಂಖ್ಯೆಗಳು ಯೂನಿಕೋಡ್ ಸಂಕೇತಗಳಿಂದ ಕೈಲೆಕ್ಕ ಮಾಡಿದವು. ಲಿಟಲ್ ಎಂಡಿಯನ್ ಯಂತ್ರಗಳಿಗೆ ಅನ್ವಯಿಸುತ್ತವೆ.

2. ಎಣಿಕೆ

ಓದುವಾಗ ಅಕ್ಷರ ಐದು: ದಿ, ಬ್ಬೂ, ರ, ಹ, ಳ್ಳಿ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆಗೂ ಹಲಂತಕ್ಕೂ ಪ್ರತ್ಯೇಕ ಸಂಕೇತವಿರುವುದರಿಂದ ಒಟ್ಟು ಸಂಕೇತಗಳು 12. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಯುಟಿಎಫ್-16ರಲ್ಲಿ 2, ಯುಟಿಎಫ್-32ರಲ್ಲಿ 4. ಹಾಗಾಗಿ ಹೆಸರಿನ ಉದ್ದ ಕ್ರಮವಾಗಿ 36, 24, 48 ಬೈಟ್. ಸಿ ಭಾಷೆ ಪಠ್ಯದ ಕೊನೆಯನ್ನು ಸೊನ್ನೆಯಿಂದ ಗುರುತಿಸುತ್ತದೆ. ಅದನ್ನೂ ಸೇರಿಸಿದರೆ 37, 26, 52.

3. ಒಂದೇ ಕರೆ, ಮೂರು ಉತ್ತರ

ಪೈಥಾನ್‌ನ ಸೀಟೈಪ್ಸ್ 2006ರ 2.5ನೇ ಆವೃತ್ತಿಯಿಂದ ಆ ಭಾಷೆಯ ಜೊತೆಗೇ ಬರುತ್ತಿದೆ. ಪೈಥಾನ್ 3ರಲ್ಲಿ, ಆರ್ಗ್ಯುಮೆಂಟಿನ ಬಗೆಯನ್ನು ಘೋಷಿಸದೆ ಪಠ್ಯವನ್ನು ನೇರವಾಗಿ ಕೊಟ್ಟರೆ ಅದು ಅಗಲ ಅಕ್ಷರಗಳ ಪಾಯಿಂಟರ್ ಆಗಿ ಹೋಗುತ್ತದೆ. ಸ್ಟ್ರ್‌ಲೆನ್ ಬೈಟ್‌ಗಳನ್ನಷ್ಟೇ ಎಣಿಸಿ ಮೊದಲ ಸೊನ್ನೆಗೆ ನಿಲ್ಲುತ್ತದೆ.

(ಅ) ಲಿನಕ್ಸ್‌ನಲ್ಲಿ ಅಗಲ ಅಕ್ಷರಕ್ಕೆ 4 ಬೈಟ್. ‘ದ’ ಎಂಬುದು 166, 12, 0, 0 ಎಂದು ಕೂರುತ್ತದೆ. ಉತ್ತರ: 2.
(ಆ) ವಿಂಡೋಸ್‌ನಲ್ಲಿ 2 ಬೈಟ್; ಈ ಹೆಸರಿನೊಳಗೆ ಸೊನ್ನೆ ಬೈಟ್ ಬರುವುದಿಲ್ಲ. ಉತ್ತರ: 24. ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ತಾಲ್ಲೂಕಿನ ಹೆಸರು ಬರೆದರೆ ಆ ವಿರಾಮದ ಎರಡನೆಯ ಬೈಟ್ ಸೊನ್ನೆಯಾದ್ದರಿಂದ ಎಣಿಕೆ 25ಕ್ಕೇ ನಿಲ್ಲುತ್ತದೆ.
(ಇ) ಯುಟಿಎಫ್-8ಕ್ಕೆ ಪರಿವರ್ತಿಸಿ ಬೈಟ್‌ಗಳನ್ನು ಕೊಟ್ಟರೆ ಉತ್ತರ: 36.

ಮೂರೂ ಸಂದರ್ಭಗಳಲ್ಲಿ ದೋಷಸೂಚನೆ ಬರುವುದಿಲ್ಲ. ಆರ್ಗ್ಯುಮೆಂಟನ್ನು ಬೈಟ್ ಪಾಯಿಂಟರ್ ಎಂದು ಮೊದಲೇ ಘೋಷಿಸಿದ್ದರೆ (ಅ), (ಆ) ಎರಡೂ ಕರೆಗೆ ಮುನ್ನವೇ ತಡೆಯಲ್ಪಡುತ್ತವೆ.

4. ಮೊಟಕುಗೊಂಡ ಹೆಸರು

ಬಫರ್ 32 ಬೈಟಿನದಾದರೆ ಎಸ್‌ಎನ್‌ಪ್ರಿಂಟ್‌ಎಫ್ 31 ಬೈಟ್ ಬರೆದು ಸೊನ್ನೆ ಹಾಕುತ್ತದೆ. ಮೊದಲ 30 ಬೈಟ್ ‘ದಿಬ್ಬೂರಹಳ್’. 31ನೆಯದು ಕೊನೆಯ ‘ಳ’ದ ಮೊದಲ ಬೈಟ್, ಅಂದರೆ 224. ಇದನ್ನು ಮರಳಿ ಓದುವಾಗ ಕಟ್ಟುನಿಟ್ಟಿನ ಡಿಕೋಡರ್ ಅಪೂರ್ಣ ಪಠ್ಯವೆಂದು ನಿರಾಕರಿಸುತ್ತದೆ. ಆ ಒಂದು ಬೈಟನ್ನು ತೆಗೆದರೆ ಪಠ್ಯ ಯುಟಿಎಫ್-8ರ ದೃಷ್ಟಿಯಿಂದ ಸರಿ, ಊರ ಹೆಸರಾಗಿ ತಪ್ಪು. ಎಸ್‌ಎನ್‌ಪ್ರಿಂಟ್‌ಎಫ್ ಹಿಂದಿರುಗಿಸುವ ಸಂಖ್ಯೆ ಮಾತ್ರ 36. ಅದನ್ನು ಬಫರಿನ ಅಳತೆಯೊಡನೆ ಹೋಲಿಸಿದರೆ ಮೊಟಕಾದದ್ದು ತಿಳಿಯುತ್ತದೆ.

5. ಹಳೆಯ ಕಡತ, ಬೇರೆ ರೂಪ

ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಯೂನಿಕೋಡ್-ಪೂರ್ವ ಅಕ್ಷರವಿನ್ಯಾಸದಲ್ಲಿ ‘ದಿ’ ಒಂದೇ ಬೈಟ್: 162. ಯುಟಿಎಫ್-8ರಲ್ಲಿ 128ರಿಂದ 191ರವರೆಗಿನ ಬೈಟ್ ಯಾವ ಸಂಕೇತದ ಆರಂಭವೂ ಆಗದು. ಆದ್ದರಿಂದ ಅಂಥ ಕಡತದಲ್ಲಿ ನಮ್ಮ ಮಾದರಿ ಹೆಸರು ಮೊದಲ ಬೈಟಿನಲ್ಲೇ ಎಡವುತ್ತದೆ. ಇದನ್ನು ಲೈಬ್ರರಿಯ ದೋಷವೆನ್ನುವುದು ಬಹುಶಃ ಸರಿಯಲ್ಲ. ಪರಿವರ್ತನೆ ಅದಕ್ಕೂ ಮೊದಲೇ ಆಗಬೇಕಿತ್ತು.

ಯೂನಿಕೋಡ್‌ನೊಳಗೂ ಭೇದವಿದೆ. 2007ರವರೆಗೆ ಈ ಸೀಮೆ ಸೇರಿದ್ದ ಜಿಲ್ಲೆ ‘ಕೋಲಾರ’ದ ಹೆಸರು ಸಾಮಾನ್ಯ ರೂಪದಲ್ಲಿ 15 ಬೈಟ್. ಬಿಡಿಸಿದ ರೂಪದಲ್ಲಿ ‘ೋ’ ಚಿಹ್ನೆ ಮೂರು ಸಂಕೇತಗಳಾಗುವುದರಿಂದ 21 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಬೈಟ್ ಹೋಲಿಕೆಯಲ್ಲಿ ಬೇರೆ.

6. ಮೆಮೊರಿಯ ಹೊಣೆ

ಸಿ ಕಡೆಯಿಂದ ಬರುವ ಪಠ್ಯದ ಬಗೆಯನ್ನು ಸೀಟೈಪ್ಸ್‌ನಲ್ಲಿ ಬೈಟ್ ಪಾಯಿಂಟರ್ ಎಂದು ಘೋಷಿಸಿದರೆ ಪೈಥಾನ್‌ಗೆ ಸಿಗುವುದು ಪ್ರತಿ; ಮೂಲ ವಿಳಾಸ ಕೈತಪ್ಪುತ್ತದೆ. ಆ ಮೆಮೊರಿಯನ್ನು ಕರೆದವರೇ ಬಿಡುಗಡೆ ಮಾಡಬೇಕೆಂಬ ಲೈಬ್ರರಿಯಾದರೆ ಅದು ಸೋರಿಕೆ. ಅಲ್ಲಿ ಬಗೆಯಿಲ್ಲದ ಪಾಯಿಂಟರನ್ನು ಪಡೆದು, ಪ್ರತಿ ಮಾಡಿಕೊಂಡು, ಆ ಲೈಬ್ರರಿಯದೇ ಬಿಡುಗಡೆ ಫಂಕ್ಷನ್‌ಗೆ ಒಪ್ಪಿಸುವುದು ಕ್ರಮ. ಗೋ ಭಾಷೆಯಲ್ಲಿ ಸಿ ಪಠ್ಯವಾಗಿ ಮಾಡಿದ ಪ್ರತಿಯನ್ನೂ ಕರೆದವರೇ ಬಿಡುಗಡೆ ಮಾಡಬೇಕು.

7. ತೀರ್ಮಾನ

ಒಂದು ಮಾದರಿಯಿಂದ ವ್ಯಾಪಕ ನಿಯಮ ಹೇಳಲಾಗದು. ಆದರೂ ಇಷ್ಟು ಹೇಳಬಹುದು: ಘಟಕ ಹೇಳದೆ ಬರೆದ ‘ಉದ್ದ’ಕ್ಕೆ ಸಿ ಕರೆಯಲ್ಲಿ ನಿಶ್ಚಿತ ಅರ್ಥವಿಲ್ಲ. ಯುಟಿಎಫ್-8ರಲ್ಲಿ ದಿಬ್ಬೂರಹಳ್ಳಿಗೆ ಬೇಕಾದ ಬಫರ್ ಕನಿಷ್ಠ 37 ಬೈಟ್.