ಚಿಕಿತ್ಸೆಗಾಗಿ ಮಗುವಿನ ಮೇಲಿನ ಹಕ್ಕನ್ನೇ ಬಿಟ್ಟುಕೊಟ್ಟವರು

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ 2008ರ ಜುಲೈನಲ್ಲಿ ಹೊಸ ಕಾನೂನೊಂದು ಜಾರಿಗೆ ಬಂದಿತು. ಸಾಕಲಾಗದ ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋದರೆ ತಂದೆತಾಯಿಯ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂಬುದು ಅದರ ಸಾರ. ಬೇರೆ ರಾಜ್ಯಗಳಲ್ಲಿ ಇಂತಹ ಕಾನೂನುಗಳು ಎಳೆಯ ಶಿಶುಗಳಿಗೆ ಸೀಮಿತವಾಗಿದ್ದವು. ನೆಬ್ರಾಸ್ಕಾದ ಕಾನೂನಿನಲ್ಲಿ 'ಮಗು' ಎಂದಷ್ಟೇ ಇತ್ತು. ವಯಸ್ಸಿನ ಮಿತಿ ಇರಲಿಲ್ಲ.

ಆ ವರ್ಷದ ನವೆಂಬರ್ ವೇಳೆಗೆ 36 ಮಕ್ಕಳನ್ನು ಆಸ್ಪತ್ರೆಗಳಿಗೆ ತಂದು ಬಿಡಲಾಗಿತ್ತು. ಅವರಲ್ಲಿ ಒಂದೂ ನವಜಾತ ಶಿಶುವಿರಲಿಲ್ಲ, ಅನೇಕರು ಹದಿಹರೆಯದವರು. ಕೆಲವರನ್ನು ಬೇರೆ ರಾಜ್ಯಗಳಿಂದ ಕರೆತರಲಾಗಿತ್ತು. ಬಹುತೇಕರಿಗೆ ಮಾನಸಿಕ ಅಸ್ವಾಸ್ಥ್ಯಕ್ಕೆ ಚಿಕಿತ್ಸೆ ಪಡೆದ ಹಿನ್ನೆಲೆಯಿತ್ತು. ಬೆಚ್ಚಿಬಿದ್ದ ಶಾಸನಸಭೆ ವಿಶೇಷ ಅಧಿವೇಶನ ಕರೆದು, ನವೆಂಬರ್‌ನಲ್ಲೇ ವಯೋಮಿತಿಯನ್ನು 30 ದಿನಕ್ಕೆ ಇಳಿಸಿತು.

ಜಗತ್ತಿಗೆ ಇದು ವಿಚಿತ್ರ ಸುದ್ದಿಯಾಗಿ ಕಂಡಿತು. ಆದರೆ ಅಮೆರಿಕದ ಮಕ್ಕಳ ನೀತಿಯನ್ನು ಬಲ್ಲವರಿಗೆ ಸಮಸ್ಯೆ ಹೊಸದಾಗಿರಲಿಲ್ಲ.

ಅಧ್ಯಯನಗಳು ಹೇಳಿದ್ದೇನು?

ತೀವ್ರ ಮಾನಸಿಕ ತೊಂದರೆಯುಳ್ಳ ಮಕ್ಕಳು ಯಾವ ಇಲಾಖೆಯ ಹೊಣೆಗೂ ಸೇರದೆ ಉಳಿದಿದ್ದಾರೆಂದು ಜೇನ್ ನಿಟ್ಜರ್ 1982ರಲ್ಲೇ 'ಅನ್‌ಕ್ಲೇಮ್ಡ್ ಚಿಲ್ಡ್ರನ್' ಎಂಬ ಅಧ್ಯಯನದಲ್ಲಿ ಎಚ್ಚರಿಸಿದ್ದರು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2003ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿ ಈ ಎಚ್ಚರಿಕೆಗೆ ಅಂಕಿ ಅಂಶಗಳ ಆಧಾರ ಒದಗಿಸಿತು. ಕೇವಲ ಮಾನಸಿಕ ಚಿಕಿತ್ಸೆ ದೊರಕಲೆಂದು 2001ರ ಆರ್ಥಿಕ ವರ್ಷದಲ್ಲಿ 12,700ಕ್ಕೂ ಹೆಚ್ಚು ಮಕ್ಕಳನ್ನು ಮಕ್ಕಳ ಕಲ್ಯಾಣ ಇಲಾಖೆಗೆ ಇಲ್ಲವೇ ಬಾಲನ್ಯಾಯ ವ್ಯವಸ್ಥೆಗೆ ಒಪ್ಪಿಸಲಾಗಿತ್ತು. 19 ರಾಜ್ಯಗಳ ಕಲ್ಯಾಣಾಧಿಕಾರಿಗಳು ಹಾಗೂ 30 ಕೌಂಟಿಗಳ ಬಾಲನ್ಯಾಯ ಅಧಿಕಾರಿಗಳು ನೀಡಿದ ಅಂದಾಜಷ್ಟೇ ಇದು; ಇಡೀ ದೇಶದ ಲೆಕ್ಕವಲ್ಲ ಎಂಬುದು ಗಮನಾರ್ಹ.

ಒಂದು ಮಗು, ಹಲವು ಇಲಾಖೆ

ತಂದೆತಾಯಿ ಈ ಸ್ಥಿತಿಗೆ ಬಂದದ್ದು ನಿರ್ಲಕ್ಷ್ಯದಿಂದಲ್ಲ, ಹಣದ ದಾರಿಗಳು ಬೇರೆಬೇರೆಯಾಗಿದ್ದುದರಿಂದ. ವಸತಿ ಸಹಿತ ಮನೋಚಿಕಿತ್ಸೆ ದುಬಾರಿ. ಖಾಸಗಿ ವಿಮೆಗಳು ಇಂತಿಷ್ಟೇ ದಿನ ಎಂದು ಮಿತಿ ಹಾಕುತ್ತಿದ್ದವು. ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೈಡ್‌ಗೆ ಮಧ್ಯಮ ವರ್ಗದವರ ಆದಾಯ ಅಡ್ಡಬರುತ್ತಿತ್ತು.

ಇನ್ನು ಶಾಲೆ. 1975ರ ಕೇಂದ್ರ ಕಾಯಿದೆಯು ಅಂಗವೈಕಲ್ಯವುಳ್ಳ ಪ್ರತಿ ಮಗುವಿಗೂ ಉಚಿತ ಹಾಗೂ ಸೂಕ್ತ ಶಿಕ್ಷಣದ ಹಕ್ಕು ನೀಡಿದೆ. ತೀವ್ರ ಭಾವನಾತ್ಮಕ ತೊಂದರೆಯೂ ಅದರ ವ್ಯಾಪ್ತಿಯಲ್ಲಿದೆ. ವಿಶೇಷ ಶಿಕ್ಷಣಕ್ಕೆ ವಸತಿ ಕೇಂದ್ರವೇ ಅಗತ್ಯವೆಂದಾದರೆ ಊಟ, ವಸತಿಯ ವೆಚ್ಚವನ್ನೂ ಪಾಲಕರಿಂದ ಪಡೆಯುವಂತಿಲ್ಲ. ಆದರೆ ಮಗುವನ್ನು ಅಲ್ಲಿಗೆ ಕಳುಹಿಸುವುದು ಕಲಿಕೆಗಾಗಿಯೋ, ಚಿಕಿತ್ಸೆಗಾಗಿಯೋ ಎಂಬ ವಿವಾದ ಎದ್ದಾಗ, ಇದು ತಮ್ಮ ಹೊಣೆಯಲ್ಲವೆಂದು ಶಾಲಾ ಆಡಳಿತಗಳು ವಾದಿಸಲು ಅವಕಾಶವಿತ್ತು.

ಕೊನೆಗೆ ಉಳಿಯುತ್ತಿದ್ದುದು ಮಕ್ಕಳ ಕಲ್ಯಾಣ ಇಲಾಖೆ ಮಾತ್ರ. ತನ್ನ ವಶದಲ್ಲಿರುವ ಮಗುವಿಗೆ ಅದು ಚಿಕಿತ್ಸೆ ಕೊಡಿಸಲೇಬೇಕು. ಹೀಗಾಗಿ ವಶಕ್ಕೆ ಒಪ್ಪಿಸುವುದೇ ಚಿಕಿತ್ಸೆಯ ದಾರಿಯಾಯಿತು. ಪಾಲನಾಧಿಕಾರ ಬಿಟ್ಟುಕೊಡಬೇಕೆಂದು ಕೇಂದ್ರದ ಕಾನೂನು ಹೇಳಿರಲಿಲ್ಲ. ಪಾಲಕರೊಡನೆ ಸ್ವಯಂಪ್ರೇರಿತ ಒಪ್ಪಂದ ಮಾಡಿಕೊಳ್ಳಲು ಅವಕಾಶವಿತ್ತು. ಅನೇಕ ಕಡೆ ಆಡಳಿತದ ರೂಢಿಯೇ ಈ ಷರತ್ತನ್ನು ಹೇರಿತ್ತು.

ಅಧಿಕಾರ ಕೈಬಿಟ್ಟ ಮೇಲೆ ಮಗು ಎಲ್ಲಿರಬೇಕು, ಯಾವ ಶಾಲೆಗೆ ಹೋಗಬೇಕು ಎಂಬುದನ್ನು ಇಲಾಖೆ ಮತ್ತು ನ್ಯಾಯಾಲಯ ನಿರ್ಧರಿಸುತ್ತವೆ. ಮಗುವಿಗೆ ಹಿಂಸೆ ನೀಡದ ತಂದೆತಾಯಿಯ ಹೆಸರೂ ನಿರ್ಲಕ್ಷ್ಯದ ಕಡತ ಸೇರಬಹುದು. ಅಪ್ಪ ಅಮ್ಮ ತನ್ನನ್ನು ತೊರೆದರೆಂಬ ನೋವು ಮೊದಲೇ ನೊಂದ ಮಗುವಿನ ಪಾಲಿಗೆ ಉಳಿಯುತ್ತದೆ.

ರಾಜ್ಯಗಳು ಕಂಡುಕೊಂಡ ದಾರಿ

ಮೊದಲ ಪರಿಹಾರ ಹಣವನ್ನು ಒಟ್ಟುಗೂಡಿಸುವುದು. ವರ್ಜೀನಿಯಾ 1992ರ ಕಾಯಿದೆಯ ಮೂಲಕ ವಿವಿಧ ಇಲಾಖೆಗಳ ನಿಧಿಗಳನ್ನು ಒಂದಾಗಿಸಿ, ಶಾಲೆ, ನ್ಯಾಯಾಲಯ, ಆರೋಗ್ಯ ಮತ್ತು ಸಮಾಜಸೇವಾ ಪ್ರತಿನಿಧಿಗಳ ಸ್ಥಳೀಯ ತಂಡಗಳಿಗೆ ನಿರ್ಧಾರದ ಅಧಿಕಾರ ನೀಡಿತು. ಆದರೂ ಪಾಲನಾಧಿಕಾರದ ಗೊಂದಲ ಅಲ್ಲಿಯೂ ಉಳಿಯಿತು. ಅಗತ್ಯ ಸೇವೆಗಾಗಿ ಪಾಲಕರು ಹಕ್ಕು ಬಿಟ್ಟುಕೊಡಬೇಕಿಲ್ಲ ಎಂದು ರಾಜ್ಯದ ಅಟಾರ್ನಿ ಜನರಲ್ 2006ರಲ್ಲಿ ಅಭಿಪ್ರಾಯ ನೀಡಬೇಕಾಯಿತು. ವಿಸ್ಕಾನ್ಸಿನ್‌ನ ಮಿಲ್ವಾಕಿ ಕೌಂಟಿ 1995ರಿಂದ ಇಂತಹದೇ ಸಂಯುಕ್ತ ನಿಧಿಯ ನೆರವಿನಿಂದ ಮಕ್ಕಳಿಗೆ ಮನೆಯಲ್ಲಿಯೇ ಸೇವೆ ಒದಗಿಸಿ ವಸತಿ ಕೇಂದ್ರಗಳ ಬಳಕೆಯನ್ನು ತಗ್ಗಿಸಿತು.

ಎರಡನೆಯದು ಆದಾಯದ ಅಡ್ಡಿಯನ್ನು ತೆಗೆಯುವುದು. ಆಸ್ಪತ್ರೆಯಲ್ಲೇ ಉಳಿಯಬೇಕಾಗಿದ್ದ ಅಯೋವಾದ ಬಾಲಕಿ ಕೇಟಿ ಬೆಕೆಟ್ ಪ್ರಕರಣದ ಬಳಿಕ 1982ರಲ್ಲಿ ಕೇಂದ್ರದ ಕಾನೂನು ಬದಲಾಯಿತು. ಆಸ್ಪತ್ರೆ ಮಟ್ಟದ ಆರೈಕೆ ಬೇಕಾದ ಮಗುವಿಗೆ ತಂದೆತಾಯಿಯ ಆದಾಯ ಲೆಕ್ಕಿಸದೆ, ಮನೆಯಲ್ಲಿದ್ದೇ ಮೆಡಿಕೈಡ್ ನೀಡಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಮೂರನೆಯದು ನೇರ ಶಾಸನ. ಇಲಿನಾಯ್ 2014ರಲ್ಲಿ ಪಾಲನಾಧಿಕಾರ ತ್ಯಾಗ ತಡೆಯುವ ಕಾಯಿದೆಯನ್ನೇ ಅಂಗೀಕರಿಸಿತು.

ನೆಬ್ರಾಸ್ಕಾ ಕೂಡ ವಯೋಮಿತಿ ವಿಧಿಸಿ ಸುಮ್ಮನಾಗಲಿಲ್ಲ. 2009ರಲ್ಲಿ ಸಂಕಷ್ಟದಲ್ಲಿರುವ ಕುಟುಂಬಗಳಿಗೆ ದೂರವಾಣಿ ಸಹಾಯವಾಣಿ ಮತ್ತು ಮಾರ್ಗದರ್ಶಕರ ವ್ಯವಸ್ಥೆಗೆ ಕಾನೂನು ಮಾಡಿತು. ಮಕ್ಕಳನ್ನು ಆಸ್ಪತ್ರೆಯ ಬಾಗಿಲಿಗೆ ತಂದವರು ಬಯಸಿದ್ದು ಮಗುವಿನಿಂದ ಬಿಡುಗಡೆಯನ್ನಲ್ಲ, ನೆರವನ್ನು ಎಂಬುದನ್ನು ಶಾಸನಸಭೆ ಹೀಗೆ ತಡವಾಗಿಯಾದರೂ ಒಪ್ಪಿಕೊಂಡಿತು.