ಸೌಪರ್ಣಿಕೆಯಲ್ಲಿ ಎಷ್ಟು ಮಾರು ನೀರು?

ಕಳೆದ ದೀಪಾವಳಿ ಮುಗಿದ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಹ್ವಾಯ್ ಮಾಷ್ಟ್ರೇ, ಪುರ್ಸೊತ್ತಿದ್ರೆ ಹೊಳಿ ಬದಿಗೆ ಬನ್ನಿ, ಒಂದ್ ಕೆಲ್ಸ ಮಾಡ್ತಾ ಇದ್ದೆ, ಕಾಣ್ಲಕ್" ಎಂದು ಕರೆದ. ನಿವೃತ್ತನಾದವನಿಗೆ ಪುರಸೊತ್ತಿಗೇನು ಬರ! ನಾವುಂದದಿಂದ ತುಸು ದಕ್ಷಿಣಕ್ಕೆ ಹೋದರೆ ಮರವಂತೆ. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ಕಡಲಿನ ಇಷ್ಟು ಹತ್ತಿರಕ್ಕೆ ಬಂದ ಹೊಳೆ ಅದನ್ನು ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುವುದನ್ನು ಪರವೂರಿನಲ್ಲಿರುವ ನೀವೆಲ್ಲ ಮರೆತಿರಲಾರಿರಿ.

ಹೊಳೆಯ ದಡದ ಚಪ್ಪರದಡಿಯಲ್ಲಿ ಫೈಬರಿನ ಸಣ್ಣ ದೋಣಿಯೊಂದನ್ನು ದಿಮ್ಮಿಗಳ ಮೇಲೆ ಏರಿಸಿಟ್ಟಿದ್ದರು. ಮೀನುಗಾರಿಕೆಯದಲ್ಲ, ವಿಹಾರದ ದೋಣಿ. ಯಾರೋ ಅನುಕೂಲಸ್ಥರು ಮನೆಮಂದಿಯೊಡನೆ ಹಿನ್ನೀರಿನಲ್ಲಿ ಸುತ್ತಾಡಲೆಂದು ಕೊಂಡದ್ದಂತೆ. ನನ್ನ ಶಿಷ್ಯ ಅದರ ಅಡಿಯಲ್ಲಿ ಅಂಗಾತ ಮಲಗಿ, ಡ್ರಿಲ್ಲಿನಿಂದ ತಳಕ್ಕೆ ಅಂಗೈ ಮುಚ್ಚುವಷ್ಟು ದೊಡ್ಡ ತೂತು ಕೊರೆಯುತ್ತಿದ್ದ! ನೀರು ಒಳಗೆ ಬಾರದಿರಲೆಂದು ಕಟ್ಟಿದ ದೋಣಿಗೆ ಕೈಯಾರೆ ತೂತು ಮಾಡುವುದನ್ನು ಕಂಡು ನನಗೆ ಗಾಬರಿಯಾಯಿತು. ಅವನು ನಕ್ಕು, ನೀರಿನ ಆಳ ಮತ್ತು ದೋಣಿಯ ವೇಗವನ್ನು ತಿಳಿಸುವ ಸೆನ್ಸರನ್ನು ಕೂರಿಸಲು ಆ ತೂತೆಂದು ವಿವರಿಸಿದ. ಹತ್ತೊಂಬತ್ತು ವರ್ಷ ಕೊಲ್ಲಿ ರಾಷ್ಟ್ರದ ಹಡಗುಕಟ್ಟೆಯೊಂದರಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದವನು ಅವನು.

ಅವನು ನನ್ನನ್ನೇ ಕರೆದದ್ದಕ್ಕೆ ಕಾರಣವಿದೆ. 1988ರ ಮಳೆಗಾಲ ಮುಗಿದ ಹೊತ್ತು. ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದುದರಿಂದ ಸಮಾಜ ಪಾಠದವನಾದ ನಾನು ಒಂಬತ್ತನೆಯ ತರಗತಿಗೆ ಪ್ರತಿಧ್ವನಿಯ ಪಾಠ ಮಾಡಬೇಕಾಯಿತು. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್, ಹಡಗಿನಿಂದ ಕಳುಹಿಸಿದ ಶಬ್ದ ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಮರಳಿತು, ಆಳವೆಷ್ಟು? ಹೋಗಿ ಬರುವ ದಾರಿ 30 ಮೀಟರ್, ಆದ್ದರಿಂದ ಆಳ 15 ಮೀಟರ್ ಎಂದು ಹಲಗೆಯ ಮೇಲೆ ಬರೆದು ಕೈಯ ಸುಣ್ಣ ಕೊಡವಿಕೊಂಡೆ. ಹಿಂದಿನ ಬೆಂಚಿನಿಂದ ಈತ ಎದ್ದುನಿಂತು, "ಅಡಿಯಂಗೆ ಇಪ್ಪುದ್ ಕೆಸ್ರೊ ಹೊಯ್ಗಿಯೊ ಹ್ಯಾಂಗ್ ಗೊತ್ತಾತ್ತ್ ಸರ್?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ಪಠ್ಯದಲ್ಲಿಲ್ಲದ್ದನ್ನು ಕೇಳಬೇಡ, ಕುಳಿತುಕೋ ಎಂದು ಗದರಿಸಿದೆ. ಗೊತ್ತಿಲ್ಲವೆಂದು ಹೇಳುವ ಧೈರ್ಯ ಆ ವಯಸ್ಸಿನ ಅಧ್ಯಾಪಕನಿಗೆ ಎಲ್ಲಿಂದ ಬರಬೇಕು? ಅದರ ಹಿಂದಿನ ವರ್ಷ ಆತನ ತಂದೆಯಿದ್ದ ದೋಣಿ ಅಳಿವೆಯ ಬಾಯಲ್ಲಿ ಮರಳ ದಿಬ್ಬಕ್ಕೆ ತಾಗಿ ಮಗುಚಿತ್ತೆಂದೂ, ಜೀವವುಳಿದರೂ ತಂದೆ ಮತ್ತೆ ಕಡಲಿಗಿಳಿಯಲಿಲ್ಲವೆಂದೂ ನನಗೆ ತಿಳಿದದ್ದು ಈ ದೀಪಾವಳಿಯ ನಂತರ, ಆ ಚಪ್ಪರದಡಿಯಲ್ಲಿ.

ಆ ಹುಡುಗನ ಪ್ರಶ್ನೆ ಹೊಸದೇನೂ ಆಗಿರಲಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಈಜಿಪ್ಟಿನ ವಿಚಾರ ಬರೆಯುತ್ತ, ನೆಲದಿಂದ ಒಂದು ದಿನದ ಪ್ರಯಾಣದಷ್ಟು ದೂರವಿರುವಾಗಲೇ ಗುಂಡು ಇಳಿಬಿಟ್ಟರೆ ಕೆಸರು ಮೇಲೆ ಬರುತ್ತದೆ, ಅಲ್ಲಿನ ಆಳ ಹನ್ನೊಂದು ಮಾರು ಎಂದು ತಿಳಿಸಿದ್ದಾನೆ. ನೈಲ್ ನದಿಯ ಮೆಕ್ಕಲು ಎಷ್ಟು ದೂರ ಹರಡಿದೆಯೆಂಬುದಕ್ಕೆ ಅವನಿಗೆ ಅದೇ ಸಾಕ್ಷಿ. ಆಳ ಮತ್ತು ಕೆಸರು, ಎರಡನ್ನೂ ಆತ ಒಟ್ಟಿಗೇ ಹೇಳುತ್ತಾನೆಂಬುದನ್ನು ಗಮನಿಸಿರಿ. ಮುಂದಿನ ಶತಮಾನಗಳ ನಾವಿಕರು ಸೀಸದ ಗುಂಡಿನ ತಳದಲ್ಲಿ ಗುಳಿ ಮಾಡಿ ಅದರಲ್ಲಿ ಪ್ರಾಣಿಗಳ ಕೊಬ್ಬನ್ನು ತುಂಬುತ್ತಿದ್ದರು. ಕೊಬ್ಬಿಗೆ ಅಂಟಿ ಬಂದ ಮರಳು, ಚಿಪ್ಪು, ಕೆಸರನ್ನು ನೋಡಿ, ಮಂಜು ಮುಸುಕಿದ ರಾತ್ರಿಯಲ್ಲಿಯೂ ತಾವು ಯಾವ ಕರಾವಳಿಯ ಬಳಿಯಿದ್ದೇವೆಂದು ಊಹಿಸುತ್ತಿದ್ದರು. ಲಂಗರು ಹಿಡಿಯುವ ನೆಲವೋ ಜಾರುವ ನೆಲವೋ ಎಂಬುದನ್ನೂ ಅದೇ ಹೇಳುತ್ತಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಜಲನಕ್ಷೆಗಾರನಾಗಿದ್ದ ಜೇಮ್ಸ್ ಹಾರ್ಸ್‌ಬರ್ಗ್ 1809ರಿಂದ ಪ್ರಕಟಿಸಿದ ನೌಕಾಮಾರ್ಗದರ್ಶಿಯಲ್ಲೂ ಆಳದ ಅಂಕಿಯ ಜೊತೆಗೆ ತಳದ ಗುಣವನ್ನು ಹೇಳುವ ಪದ್ಧತಿಯಿದೆ.

ಇನ್ನು ಆ ಅಳತೆ. ಎರಡು ತೋಳುಗಳನ್ನೂ ಚಾಚಿದಾಗ ಒಂದು ಕೈಯ ಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದವೇ ನಮ್ಮ 'ಮಾರು'. ಗ್ರೀಕರ 'ಒರ್ಗಿಯಾ', ಪೋರ್ಚುಗೀಸರ 'ಬ್ರಾಸ', ಇಂಗ್ಲಿಷರ 'ಫ್ಯಾದಮ್' ಎಲ್ಲವೂ ಇದೇ. ಕಾರಣ ಸರಳವಾದದ್ದು: ನೀರಿನಿಂದ ಹಗ್ಗ ಎಳೆಯುವವನು ತೋಳು ಚಾಚಿಯೇ ಎಳೆಯುತ್ತಾನೆ, ಎಳೆದಷ್ಟನ್ನು ಎಣಿಸಿದರೆ ಆಳ ಬಂತು. ಇಂಗ್ಲಿಷರು ಅದನ್ನು ಆರು ಅಡಿಗೆ ನಿಗದಿಮಾಡಿದರು. ನಮ್ಮ ಮೊಗವೀರರು, ಖಾರ್ವಿಗಳು ಇಂದಿಗೂ ಬಲೆ ಬಿಟ್ಟ ಜಾಗವನ್ನು ಹೇಳುವಾಗ ಇಷ್ಟು ಮಾರು ನೀರು ಎನ್ನುತ್ತಾರೆಯೇ ಹೊರತು ಮೀಟರಿನ ಗೊಡವೆಗೆ ಹೋಗುವುದಿಲ್ಲ. 1569ರಲ್ಲಿ ಪೋರ್ಚುಗೀಸರ ವಶವಾದ, 1665ರಲ್ಲಿ ಶಿವಾಜಿಯ ನೌಕಾಪಡೆಯ ದಾಳಿಗೆ ಗುರಿಯಾದ ನಮ್ಮ ಬಸರೂರು ಕಡಲ ದಂಡೆಯಲ್ಲಿಲ್ಲ, ನದಿಯ ಒಳಗಿದೆ. ಅಲ್ಲಿಗೆ ಹೋಗುವ ಪ್ರತಿಯೊಂದು ನಾವೆಯೂ ಗಂಗೊಳ್ಳಿಯ ಅಳಿವೆಯನ್ನು ದಾಟಲೇಬೇಕಿತ್ತು. ಪ್ರತಿ ಮಳೆಗಾಲಕ್ಕೂ ಮರಳು ಜಾಗ ಬದಲಿಸುವ ಆ ಬಾಯಲ್ಲಿ ರಾಜನ ಅಪ್ಪಣೆಗಿಂತ ಹಗ್ಗ ಹಿಡಿದವನ ಮಾತೇ ಮೇಲು.

ವೇಗವನ್ನು ಅಳೆಯುವುದು ಇದಕ್ಕಿಂತ ಕಷ್ಟ. ಹದಿನೈದನೆಯ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದನ ಬರಹಗಳಲ್ಲಿ ದೂರವನ್ನು 'ಜಾಮ್' ಎಂಬ ಮಾನದಿಂದ ಲೆಕ್ಕಹಾಕಲಾಗಿದೆ. ಮೂರು ಗಂಟೆಗಳಲ್ಲಿ ಹಡಗು ಸಾಗುವಷ್ಟು ದೂರವೆಂದು ಅದರ ಅರ್ಥ. ಇದು ಸಂಸ್ಕೃತದ 'ಯಾಮ'ದಿಂದ ಹೋದ ಶಬ್ದವೆಂದು ವಿದ್ವಾಂಸರ ಅಭಿಪ್ರಾಯ. ನಮ್ಮ 'ಬೆಳಗಿನ ಜಾವ'ದ ಜಾವವೂ ಅದೇ ಯಾಮ! ಯುರೋಪಿನವರು ಬೇರೊಂದು ಉಪಾಯ ಕಂಡುಕೊಂಡರು. 1574ರಲ್ಲಿ ಇಂಗ್ಲೆಂಡಿನ ವಿಲಿಯಂ ಬೋರ್ನ್ ವಿವರಿಸಿದಂತೆ, ಮರದ ತುಂಡೊಂದಕ್ಕೆ ಹಗ್ಗ ಕಟ್ಟಿ ಹಡಗಿನ ಹಿಂದೆ ಎಸೆಯುವುದು. ತುಂಡು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಮರಳಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಹಗ್ಗ ಹೋಯಿತೆಂದು ನೋಡುವುದು. ಮುಂದೆ ಆ ಹಗ್ಗಕ್ಕೆ ಸಮಾನ ಅಂತರದಲ್ಲಿ ಗಂಟು ಹಾಕಿದರು. ಇಂದಿಗೂ ಹಡಗಿನ ವೇಗಕ್ಕೆ 'ನಾಟ್', ಅಂದರೆ ಗಂಟು, ಎಂಬ ಹೆಸರಿರುವುದು ಇದರಿಂದಲೇ. ಲೆಕ್ಕ ಇಷ್ಟವಿರುವವರು ಮಾಡಿ ನೋಡಬಹುದು: ಗಂಟಿನ ಅಂತರ 47 ಅಡಿ 3 ಅಂಗುಲ, ಮರಳಗಡಿಯಾರದ ಅವಧಿ 28 ಸೆಕೆಂಡು. ಭಾಗಿಸಿ 3600ರಿಂದ ಗುಣಿಸಿದರೆ ಗಂಟೆಗೆ 6075 ಅಡಿ. ಇಂದಿನ ನಾಟಿಕಲ್ ಮೈಲಿ 1852 ಮೀಟರ್, ಎಂದರೆ ಸುಮಾರು 6076 ಅಡಿ. ಒಂದಡಿಯ ವ್ಯತ್ಯಾಸ!

ಹಗ್ಗವನ್ನು ಬಿಟ್ಟು ಶಬ್ದದಿಂದ ಅಳೆಯುವ ಯೋಚನೆಗೆ ತಳಹದಿ ಬಿದ್ದದ್ದು 1826ರಲ್ಲಿ. ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟುರ್ಮ್ ಎಂಬಿಬ್ಬರು ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಮದ್ದು ಸಿಡಿಸಿ, ಬೆಳಕು ಕಂಡದ್ದಕ್ಕೂ ಶಬ್ದ ಕೇಳಿದ್ದಕ್ಕೂ ನಡುವಿನ ಸಮಯದಿಂದ ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1435 ಮೀಟರೆಂದು ಕಂಡರು. 1880ರಲ್ಲಿ ಕ್ಯೂರಿ ಸಹೋದರರು, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದರು. ಆದರೆ ಇವೆರಡನ್ನೂ ಹಡಗಿಗೆ ತರಲು ಒಂದು ದುರಂತವೇ ಬೇಕಾಯಿತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಿಮಗುಡ್ಡವನ್ನು ಶಬ್ದದಿಂದ ಪತ್ತೆಹಚ್ಚಲು ಹೊರಟ ಜರ್ಮನಿಯ ಅಲೆಕ್ಸಾಂಡರ್ ಬೇಮ್‌ಗೆ ಆಳ ಅಳೆಯುವ ವಿಧಾನ ಕೈಸೇರಿತು. 1913ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಅಮೆರಿಕದಲ್ಲಿ ಫೆಸೆಂಡನ್ ಹಿಮಗುಡ್ಡದ ಪ್ರತಿಧ್ವನಿಯನ್ನೂ ಕಡಲ ತಳದ ಪ್ರತಿಧ್ವನಿಯನ್ನೂ ಕೇಳಿದ. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಭಯ ಹೆಚ್ಚಿದಾಗ ಫ್ರಾನ್ಸಿನ ಲಾಂಜೆವಿನ್ ಕ್ಯೂರಿಗಳ ಹರಳನ್ನು ಬಳಸಿ ಕಿವಿಗೆ ಕೇಳದ ಶಬ್ದವನ್ನು ನೀರಿಗೆ ಕಳುಹಿಸಿದ. ನಮ್ಮ ಅರಬ್ಬೀ ಸಮುದ್ರದ ತಳವನ್ನು ಹೀಗೆ ಶಬ್ದದಿಂದ ಶೋಧಿಸಿದ ದೊಡ್ಡ ಯಾತ್ರೆ 1933-34ರಲ್ಲಿ 'ಮಬಾಹಿಸ್' ಎಂಬ ಈಜಿಪ್ಟಿನ ಹಡಗಿನಲ್ಲಿ ನಡೆಯಿತು. ನೀರಡಿಯ ಪರ್ವತಶ್ರೇಣಿಯೊಂದು ಬೆಳಕಿಗೆ ಬಂತು. 1935ರಲ್ಲಿ ನಾರ್ವೆಯ ಆಸ್ಕರ್ ಸುಂಡ್ ಅದೇ ಯಂತ್ರದ ಕಾಗದದ ಮೇಲೆ ಮೀನಿನ ಹಿಂಡಿನ ಚಿತ್ರವನ್ನೇ ಪ್ರಕಟಿಸಿದ.

ನಾರ್ವೆಯಿಂದ ನಮ್ಮ ಕಡಲಿಗೆ ದಾರಿ ದೂರವಾಗಲಿಲ್ಲ. 1952ರ ಒಪ್ಪಂದದಿಂದ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಯಂತ್ರದ ದೋಣಿಗಳನ್ನು ತಂದಿತು. ಅರುವತ್ತರ ದಶಕದಲ್ಲಿ ನಮ್ಮ ಕಾರವಾರಕ್ಕೂ ಚಾಚಿತು. ಆಗ ನಮ್ಮ ದಂಡೆಯಲ್ಲಿ ರಂಪಣಿಯ ಕಾಲ. ಬಂಗುಡೆಯ ಹಿಂಡು ಬಂದಾಗ ನೀರಿನ ಬಣ್ಣ ತುಸು ಕೆಂಪಾಗುವುದನ್ನು, ಹಕ್ಕಿಗಳು ಎರಗುವುದನ್ನು ನೋಡಿ ಹೇಳಬಲ್ಲ ಹಿರಿಯರಿದ್ದರು. ಅವರು ಕೈಬೀಸಿದರೆ ಬಲೆ ಸುತ್ತುವರಿಯುತ್ತಿತ್ತು, ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತಿ ಹಿಡಿಯತೊಡಗಿದವು. ಮೊದಮೊದಲು ಅವರೂ ಕಣ್ಣಳತೆಯನ್ನೇ ನಂಬಿದ್ದರು; ಮುಂದೆ ಫಿಶ್ ಫೈಂಡರ್ ಬಂತು. ದೊಡ್ಡ ರಂಪಣಿ ಮೂಲೆ ಸೇರಿತು, ಕೈರಂಪಣಿ ಅಲ್ಲಲ್ಲಿ ಉಳಿಯಿತು. ಇದನ್ನು ಪ್ರಗತಿಯೆಂದು ಒಂದೇ ಮಾತಿನಲ್ಲಿ ತರಗತಿಯಲ್ಲಿ ಹೇಳಿ ಮುಗಿಸುತ್ತಿದ್ದೆ. ಈಗ ಅಷ್ಟು ಸುಲಭವಾಗಿ ಹೇಳಲಾರೆ.

ಮತ್ತೆ ಚಪ್ಪರಕ್ಕೆ ಬರೋಣ. ಸೆನ್ಸರನ್ನು ಎಲ್ಲೆಂದರಲ್ಲಿ ಕೂರಿಸುವಂತಿಲ್ಲ. ದೋಣಿ ಓಡುವಾಗ ತಳದ ಏಣುಗಳ ಹಿಂದೆ, ಪ್ರೊಪೆಲ್ಲರಿನ ಸುತ್ತ ಗಾಳಿಗುಳ್ಳೆಗಳು ಏಳುತ್ತವೆ. ನೀರಿನಲ್ಲಿ ಹೋಗಬೇಕಾದ ಶಬ್ದವನ್ನು ಗುಳ್ಳೆಗಳು ಚದರಿಸಿ ಕೆಡಿಸುತ್ತವೆ. ನೀರು ನಯವಾಗಿ ಹರಿಯುವ, ಎಂದೂ ನೀರಿನಿಂದ ಮೇಲೇಳದ ಜಾಗ ಬೇಕು. ಒಂದೇ ಪದರದ ಫೈಬರ್ ತಳವಾದರೆ ಆಳದ ಸೆನ್ಸರನ್ನು ತೂತಿಲ್ಲದೆ ಒಳಗಿನಿಂದಲೇ ಅಂಟಿಸಬಹುದಂತೆ. ವೇಗದ್ದಕ್ಕೆ ಆ ಉಪಾಯ ನಡೆಯದು. ನೀರಿನಲ್ಲಿ ತಿರುಗುವ ಪುಟ್ಟ ಚಕ್ರ ಅದರದ್ದು, ನಮ್ಮ ಗದ್ದೆಯ ನೀರುಚಕ್ರದ ಮರಿಯಂತೆ. ಚಕ್ರದಲ್ಲಿ ಅಯಸ್ಕಾಂತದ ಚೂರುಗಳಿವೆ, ಎಷ್ಟು ಸುತ್ತು ತಿರುಗಿತೆಂದು ಸೆನ್ಸರ್ ಎಣಿಸುತ್ತದೆ. ದೋಣಿಯ ಮೂಗಿನ ನೇರಕ್ಕೆ ಅದನ್ನು ಕೂರಿಸಬೇಕು. ತೂತಿನ ಅಂಚಿಗೆ ಅಂಟು ಬಳಿದು, ಒಳಗಿನಿಂದ ದೊಡ್ಡ ನಟ್ಟು ಬಿಗಿದು, ಎರಡು ದಿನ ಒಣಗಲು ಬಿಟ್ಟ.

ಮೂರನೆಯ ದಿನ ದೋಣಿ ನೀರಿಗಿಳಿಯಿತು, ನಾನೂ ಏರಿದೆ. ನಡುಹೊಳೆಯಲ್ಲಿ ಅವನು ಆ ಚಕ್ರವನ್ನು ಒಳಗಿನಿಂದ ಸರಕ್ಕನೆ ಹೊರಗೆಳೆದ. ಬುಗ್ಗೆಯಂತೆ ನೀರು ಚಿಮ್ಮಿತು! "ಹೆದ್ರ್ಬೇಡಿ ಮಾಷ್ಟ್ರೇ, ಎಂತ ಆತಿಲ್ಲ" ಎನ್ನುತ್ತ ಬದಲಿ ಬಿರಡೆಯನ್ನು ತುರುಕಿದ. ಚಕ್ರಕ್ಕೆ ಚಿಪ್ಪು, ಪಾಚಿ ಕಟ್ಟಿಕೊಂಡರೆ ತಿರುಗುವುದಿಲ್ಲ, ಆಗಾಗ ಹೀಗೆ ತೆಗೆದು ತೊಳೆಯಬೇಕೆಂದು ಮಾಲೀಕರಿಗೆ ತೋರಿಸಲಿಕ್ಕಾಗಿ ಆ ಪ್ರಯೋಗ. ನನ್ನ ಪಂಚೆ ಒದ್ದೆಯಾದದ್ದು ಮಾತ್ರ ಲಾಭ.

ಇಳಿತದ ಹೊತ್ತು. ಹರಿವಿನ ಜೊತೆ ಓಡಿದಾಗ ಚಕ್ರ 5 ನಾಟ್ ಎಂದಿತು, ಜಿಪಿಎಸ್ 6.2 ಎಂದಿತು. ತಿರುಗಿ ಹರಿವಿಗೆದುರಾಗಿ ಬಂದಾಗ ಚಕ್ರ ಮತ್ತೆ 5, ಜಿಪಿಎಸ್ 3.8. ಯಾವುದು ಸುಳ್ಳು ಎಂದು ಕೇಳಿದೆ. ಎರಡೂ ನಿಜ, ಚಕ್ರ ನೀರಿನಿಂದ ಎಣಿಸುತ್ತದೆ, ಜಿಪಿಎಸ್ ನೆಲದಿಂದ. ನಡುವಿನ 1.2 ಹೊಳೆಯ ನಡಿಗೆ. ಆಳವೂ ಹಾಗೆಯೇ. ಡಯಲ್ 2.1 ಮೀಟರ್ ತೋರಿಸಿತು, ಆದರೆ ಅದು ಸೆನ್ಸರಿನ ಮುಖದಿಂದ ಕೆಳಗಿನದು. ಸೆನ್ಸರ್ ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿದೆ, ಆದ್ದರಿಂದ ಹೊಳೆಯ ಆಳ 2.4. ದೋಣಿಯ ಬೆನ್ನೆಲುಬು ಸೆನ್ಸರಿಗಿಂತಲೂ 15 ಸೆಂಟಿಮೀಟರ್ ಕೆಳಗಿದೆ, ಆದ್ದರಿಂದ ದೋಣಿಗೆ ಉಳಿದಿರುವುದು 1.95. ಇತಿಹಾಸದವನಾದ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಶಾಸನದ ವರ್ಷ ಶಕವೋ ಕ್ರಿಸ್ತಶಕವೋ ಎಂದು ನೋಡದೆ ಓದಿದರೆ 78 ವರ್ಷ ತಪ್ಪುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ! ಸೊನ್ನೆ ಬಂದಾಗ ದೋಣಿ ನೆಲ ಮುಟ್ಟಿದೆಯೆಂದು ಅರ್ಥವಾಗಲಿ ಎಂದು ಅವನು 15 ಸೆಂಟಿಮೀಟರನ್ನು ಕಳೆದೇ ಡಯಲ್ಲನ್ನು ಹೊಂದಿಸಿದ.

ಹೊಂದಿಸುವ ಮೊದಲು ಮಾತ್ರ ಒಂದು ಕೆಲಸ ಮಾಡಿದ. ಸಾಮಾನಿನ ಪೆಟ್ಟಿಗೆಯಿಂದ ಹಗ್ಗ ಕಟ್ಟಿದ ದಪ್ಪ ಕಬ್ಬಿಣದ ಬೋಲ್ಟೊಂದನ್ನು ತೆಗೆದು ನೀರಿಗಿಳಿಸಿದ. ತಳ ಮುಟ್ಟಿದೊಡನೆ ನೀರ ಮಟ್ಟದಲ್ಲಿ ಹಗ್ಗವನ್ನು ಬೆರಳಲ್ಲಿ ಹಿಡಿದು ಮೇಲೆಳೆದು, ತೋಳು ಚಾಚಿ ಅಳೆದ: ಒಂದು ಮಾರು, ಮೇಲೆ ಒಂದೂವರೆ ಮೊಳ. ನನ್ನ ಕೈಗೂ ಕೊಟ್ಟ. ಅವನಿಗಿಂತ ಗಿಡ್ಡನಾದ ನನ್ನ ಲೆಕ್ಕದಲ್ಲಿ ಅರ್ಧ ಗೇಣು ಹೆಚ್ಚು ಬಂತು. ಕೊನೆಗೆ ಟೇಪು ಹಿಡಿದಾಗ 2.4 ಮೀಟರೇ.

ಬೋಲ್ಟಿನ ತಲೆಯ ಕೆಳಗೆ ಕಪ್ಪು ಕೆಸರು ಮೆತ್ತಿತ್ತು, ನಡುವೆ ಮಳಿಯ ಚಿಪ್ಪಿನ ಬಿಳಿಯ ಚೂರುಗಳು. ದೊಡ್ಡ ಫಿಶ್ ಫೈಂಡರಿನ ಪರದೆಯಲ್ಲಾದರೆ ಗಟ್ಟಿ ನೆಲ, ಮೆತ್ತನೆಯ ನೆಲ ಎಂದು ಪ್ರತಿಧ್ವನಿಯ ಗೆರೆಯ ದಪ್ಪ ನೋಡಿ ಸ್ವಲ್ಪ ಊಹಿಸಬಹುದೆಂದೂ, ಈ ಸಣ್ಣ ಡಯಲ್ ಅಂಕಿಯನ್ನಷ್ಟೇ ಹೇಳುತ್ತದೆಂದೂ ತಿಳಿಸಿದ. ಆಮೇಲೆ ಬೋಲ್ಟನ್ನು ನನ್ನ ಮುಖದ ಹತ್ತಿರಕ್ಕೆ ಹಿಡಿದು, "ಕೆಸ್ರ್ ಮಾಷ್ಟ್ರೇ" ಎಂದ. ನನಗೆ ಮಾತು ಹೊರಡಲಿಲ್ಲ. ಅಂದು ಕುಳಿತುಕೋ ಎಂದದ್ದು ತಪ್ಪಾಯಿತು ಮಾರಾಯ ಎಂದು ಹೇಳಿದಾಗ ದೋಣಿ ಅರ್ಧ ದಾರಿ ಬಂದಿತ್ತು. ಅವನು ಅದಕ್ಕೇನೂ ಹೇಳಲಿಲ್ಲ. ಬೋಲ್ಟನ್ನು ಹೊಳೆಯಲ್ಲಿ ಅದ್ದಿ ತೊಳೆದು, ಹಗ್ಗವನ್ನು ಸುರುಳಿ ಸುತ್ತಿ, ಡಯಲಿನ ಕೆಳಗಿನ ಗೂಡಿನಲ್ಲಿ ಮಾಲೀಕರಿಗಾಗಿ ಇಟ್ಟುಬಿಟ್ಟ.