ಉದರಭಿತ್ತಿ ಮತ್ತು ಎದೆಯ ಅಲ್ಟ್ರಾಸೌಂಡ್ ಪರೀಕ್ಷೆ

ಉದರಭಿತ್ತಿ ಮತ್ತು ಎದೆಯ ಅಲ್ಟ್ರಾಸೌಂಡ್ ಪರೀಕ್ಷೆಯು ಹೊಟ್ಟೆಯ ಗೋಡೆ, ಎದೆಗೋಡೆ ಹಾಗೂ ಶ್ವಾಸಕೋಶದ ಹೊದಿಕೆಯಲ್ಲಿ ಕಾಣಿಸಿಕೊಳ್ಳುವ ತೊಂದರೆಗಳನ್ನು ಶ್ರವಣಾತೀತ ಶಬ್ದತರಂಗಗಳ ನೆರವಿನಿಂದ ಗುರುತಿಸುವ ವಿಧಾನವಾಗಿದೆ. ಇದಕ್ಕೆ ಸೋನೋಗ್ರಫಿ, ಸ್ಕ್ಯಾನಿಂಗ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಸ್ಕ್ಯಾನಿಂಗ್ ಎಂದೊಡನೆ ಗರ್ಭಿಣಿಯರ ಪರೀಕ್ಷೆ ನೆನಪಾಗುವುದು ಸಹಜ. ಆದರೆ ಹರ್ನಿಯಾ, ಗೋಡೆಯೊಳಗಿನ ಕೀವುಗಡ್ಡೆ, ಎದೆಯಲ್ಲಿ ನೀರು ತುಂಬುವುದು ಮೊದಲಾದವುಗಳ ನಿರ್ಣಯದಲ್ಲಿಯೂ ಇದರ ಪಾತ್ರ ದೊಡ್ಡದು. ಬೀದರ್ ನಗರ, ಭಾಲ್ಕಿ, ಔರಾದ್‌ಗಳಂತಹ ಗಡಿಭಾಗದ ಊರುಗಳಲ್ಲಿ ದೊಡ್ಡ ಯಂತ್ರಗಳಿರುವ ಆಸ್ಪತ್ರೆಗಾಗಿ ರೋಗಿಯು ದೂರ ಪ್ರಯಾಣ ಮಾಡಬೇಕೇ, ಬೇಡವೇ ಎಂಬುದನ್ನು ಅನೇಕ ವೇಳೆ ಈ ಪರೀಕ್ಷೆಯೇ ತೀರ್ಮಾನಿಸುತ್ತದೆ.

ತತ್ತ್ವ

ಮನುಷ್ಯನ ಕಿವಿಗೆ ಕೇಳುವ ಶಬ್ದದ ಆವೃತ್ತಿ ಸುಮಾರು 20,000 ಹರ್ಟ್ಸ್‌ವರೆಗೆ ಮಾತ್ರ. ವೈದ್ಯಕೀಯ ಯಂತ್ರಗಳು ಸಾಮಾನ್ಯವಾಗಿ 2ರಿಂದ 18 ಮೆಗಾಹರ್ಟ್ಸ್ ಆವೃತ್ತಿಯ ತರಂಗಗಳನ್ನು ಬಳಸುತ್ತವೆ. ವೈದ್ಯರ ಕೈಯಲ್ಲಿರುವ ಪ್ರೋಬ್ ಎಂಬ ಉಪಕರಣದಲ್ಲಿನ ಹರಳುಗಳು ವಿದ್ಯುತ್ತನ್ನು ಕಂಪನವಾಗಿ, ಮರಳಿ ಬಂದ ಪ್ರತಿಧ್ವನಿಯನ್ನು ವಿದ್ಯುತ್ತಾಗಿ ಪರಿವರ್ತಿಸುತ್ತವೆ. ಹರಳುಗಳ ಈ ಗುಣವನ್ನು 1880ರಲ್ಲಿ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದರು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದ ಬಳಿಕ ಈ ವಿಧಾನ ಆಸ್ಪತ್ರೆಗಳಲ್ಲಿ ಬೇರೂರಿತು.

ಮೃದು ಅಂಗಾಂಶದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. ಗಾಳಿ ಮತ್ತು ಮೂಳೆ ಅದನ್ನು ಬಹುಮಟ್ಟಿಗೆ ತಡೆಯುತ್ತವೆ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಉಳಿಯದಿರಲೆಂದೇ ಜೆಲ್ ಹಚ್ಚುತ್ತಾರೆ. ಇದರಲ್ಲಿ ಎಕ್ಸ್‌ರೇಯಂತಹ ವಿಕಿರಣವಿಲ್ಲ. ಆದ್ದರಿಂದ ಅಗತ್ಯವಿದ್ದಾಗ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಹುದು.

ಉದರಭಿತ್ತಿಯ ಪರೀಕ್ಷೆ

ಚರ್ಮ, ಕೊಬ್ಬು, ಸ್ನಾಯುಪದರಗಳು ಮತ್ತು ಅವುಗಳ ಒಳಗಿನ ತೆಳುಪೊರೆ ಸೇರಿ ಉದರಭಿತ್ತಿಯಾಗುತ್ತದೆ. ಇವೆಲ್ಲ ಮೇಲ್ಭಾಗದಲ್ಲೇ ಇರುವುದರಿಂದ ಹೆಚ್ಚು ಆವೃತ್ತಿಯ ಚಪ್ಪಟೆ ಪ್ರೋಬ್ ಬಳಸಿದರೆ ಪದರಪದರವಾಗಿ ಸ್ಪಷ್ಟವಾಗಿ ಕಾಣುತ್ತವೆ. ಆವೃತ್ತಿ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ತರಂಗವು ಆಳಕ್ಕೆ ಇಳಿಯುವುದಿಲ್ಲ.

ಇಲ್ಲಿ ಮುಖ್ಯವಾಗಿ ಹುಡುಕುವುದು ಹರ್ನಿಯಾವನ್ನು. ಗೋಡೆಯ ದುರ್ಬಲ ಜಾಗದಿಂದ ಒಳಗಿನ ಕೊಬ್ಬು ಅಥವಾ ಕರುಳು ಹೊರಕ್ಕೆ ಉಬ್ಬುವುದೇ ಹರ್ನಿಯಾ. ಅದು ತೊಡೆಸಂದು, ಹೊಕ್ಕುಳು, ಹೊಕ್ಕುಳಿನ ಮೇಲಿನ ನಡುಗೆರೆ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ಗಾಯದ ಗುರುತಿನಲ್ಲಿ ಬರಬಹುದು. ಮಲಗಿದಾಗ ಒಳಸೇರಿ, ನಿಂತಾಗ ಅಥವಾ ಕೆಮ್ಮಿದಾಗ ಹೊರಬರುವುದು ಇದರ ಸ್ವಭಾವ. ಅಲ್ಟ್ರಾಸೌಂಡ್‌ನ ನಿಜವಾದ ಬಲ ಇರುವುದು ಇಲ್ಲಿಯೇ. ರೋಗಿಗೆ ಕೆಮ್ಮಲು, ಮುಕ್ಕಲು, ಎದ್ದು ನಿಲ್ಲಲು ಹೇಳಿ, ಆ ಕ್ಷಣದಲ್ಲಿ ಗೋಡೆಯ ಸೀಳಿನಿಂದ ಏನು ಹೊರಬರುತ್ತಿದೆ ಎಂಬುದನ್ನು ತೆರೆಯ ಮೇಲೆ ನೇರವಾಗಿ ನೋಡಬಹುದು. ಮಲಗಿದ್ದಾಗ ಮಾತ್ರ ಅವಸರದಲ್ಲಿ ನೋಡಿ ‘ಏನೂ ಇಲ್ಲ’ ಎಂದು ಬರೆದ ವರದಿಗೆ ಹೆಚ್ಚು ಬೆಲೆಯಿಲ್ಲ. ಉತ್ತಮ ವರದಿಯಲ್ಲಿ ಸೀಳಿನ ಜಾಗ ಮತ್ತು ಅಗಲ, ಹೊರಬಂದದ್ದು ಕೊಬ್ಬೋ ಕರುಳೋ, ಒತ್ತಿದರೆ ಒಳಹೋಗುತ್ತದೆಯೋ ಎಂಬ ವಿವರಗಳಿರುತ್ತವೆ.

ಹೊರಬಂದ ಕರುಳು ಸಿಕ್ಕಿಹಾಕಿಕೊಂಡು ಅದರ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯತೊಡಗುತ್ತದೆ. ಉಬ್ಬು ಗಟ್ಟಿಯಾಗಿ ಒಳಹೋಗದಿರುವುದು, ತೀವ್ರ ನೋವು, ವಾಂತಿ, ಗಾಳಿ ಮತ್ತು ಮಲ ಕಟ್ಟಿಕೊಳ್ಳುವುದು ಇದರ ಲಕ್ಷಣಗಳು. ಡಾಪ್ಲರ್ ವಿಧಾನದಲ್ಲಿ ರಕ್ತಪ್ರವಾಹ ಕಂಡಿತೆಂಬ ಮಾತ್ರಕ್ಕೆ ಅಪಾಯವಿಲ್ಲವೆನ್ನಲಾಗದು. ಇಂತಹ ರೋಗಿಯನ್ನು ಸ್ಕ್ಯಾನಿಂಗ್‌ಗೆ ಸರತಿಯಲ್ಲಿ ಕೂರಿಸುವುದಕ್ಕಿಂತ ಶಸ್ತ್ರಚಿಕಿತ್ಸಕರ ಬಳಿಗೆ ಕೂಡಲೇ ಕಳುಹಿಸುವುದು ಸೂಕ್ತ. ತೊಗರಿ, ಸೋಯಾ, ಕಬ್ಬು ಬೆಳೆಯುವ ಬೀದರ್ ಜಿಲ್ಲೆಯಲ್ಲಿ ಭಾರ ಎತ್ತುವ ದುಡಿಮೆ ತಪ್ಪಿದ್ದಲ್ಲ. ಸುಗ್ಗಿ ಮುಗಿಯಲೆಂದು ಉಬ್ಬನ್ನು ಕಡೆಗಣಿಸುವವನಿಗೆ ಈ ಲಕ್ಷಣಗಳು ತಿಳಿದಿರಬೇಕು.

ಹೆರಿಗೆಯ ನಂತರ ಹೊಟ್ಟೆಯ ನಡುವಿನ ಎರಡು ನೇರ ಸ್ನಾಯುಗಳು ದೂರ ಸರಿದು ಉಬ್ಬು ಕಾಣಬಹುದು. ಅಲ್ಲಿ ಸೀಳು ಇರುವುದಿಲ್ಲ, ಆದ್ದರಿಂದ ಅದು ಹರ್ನಿಯಾ ಅಲ್ಲ. ಸಿಸೇರಿಯನ್ ಗಾಯದ ಬಳಿ ಮುಟ್ಟಿನ ದಿನಗಳಲ್ಲಿ ನೋಯುವ ಗಂಟು ಇದ್ದರೆ, ಗರ್ಭಕೋಶದ ಒಳಪದರದ ಅಂಗಾಂಶ ಅಲ್ಲಿ ಬೆಳೆದಿರಬಹುದೆಂದು ಶಂಕಿಸಬೇಕು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಜೋರಾಗಿ ಕೆಮ್ಮಿದ ಮೇಲೆ ಹೊಟ್ಟೆಯ ಒಂದು ಬದಿ ನೋವಿನಿಂದ ಊದಿಕೊಂಡರೆ ಅದು ಸ್ನಾಯುಕೋಶದೊಳಗಿನ ರಕ್ತಸ್ರಾವವಾಗಿರಬಹುದು.

ಎದೆಯ ಪರೀಕ್ಷೆ

ಶ್ವಾಸಕೋಶದಲ್ಲಿ ಗಾಳಿ ತುಂಬಿರುವುದರಿಂದ ಅಲ್ಟ್ರಾಸೌಂಡ್ ಅಲ್ಲಿ ನಿರುಪಯೋಗಿ ಎಂದು ದೀರ್ಘಕಾಲ ನಂಬಲಾಗಿತ್ತು. ಫ್ರಾನ್ಸಿನ ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ ಅವರ ಕೆಲಸ ಈ ನಂಬಿಕೆಯನ್ನು ಬದಲಿಸಿತು. ತೀವ್ರ ಉಸಿರಾಟದ ತೊಂದರೆಯ ಕಾರಣವನ್ನು ಹಾಸಿಗೆಯ ಬಳಿಯೇ ಪತ್ತೆಹಚ್ಚುವ ಅವರ ಕ್ರಮ 2008ರಲ್ಲಿ ಪ್ರಕಟವಾಯಿತು.

ಎರಡು ಪಕ್ಕೆಲುಬುಗಳ ನಡುವಿನಿಂದ ನೋಡಿದಾಗ ಶ್ವಾಸಕೋಶದ ಹೊದಿಕೆಯು ಹೊಳೆಯುವ ಗೆರೆಯಾಗಿ ಕಾಣುತ್ತದೆ. ಉಸಿರಾಡಿದಂತೆ ಆ ಗೆರೆ ಅತ್ತಿತ್ತ ಸರಿಯಬೇಕು. ಹೊದಿಕೆಯ ಪದರಗಳ ನಡುವೆ ಗಾಳಿ ಸೇರಿದ್ದರೆ ಸರಿದಾಟ ನಿಲ್ಲುತ್ತದೆ. ಬೇರೆ ಕಾರಣಗಳಿಂದಲೂ ಅದು ನಿಲ್ಲಬಹುದಾದ್ದರಿಂದ, ಸರಿದಾಟ ಇರುವ ಮತ್ತು ಇಲ್ಲದ ಭಾಗಗಳು ಕೂಡುವ ಬಿಂದು ಸಿಕ್ಕಿದರೆ ಮಾತ್ರ ನಿರ್ಣಯ ಖಚಿತ. ಶ್ವಾಸಕೋಶದಲ್ಲಿ ನೀರಿನಂಶ ಹೆಚ್ಚಿದಾಗ ಆ ಗೆರೆಯಿಂದ ತೆರೆಯ ಕೆಳತುದಿಯವರೆಗೆ ಉದ್ದನೆಯ ಬೆಳಕಿನ ಪಟ್ಟಿಗಳು ಇಳಿಯುತ್ತವೆ. ನ್ಯುಮೋನಿಯಾದಿಂದ ಗಟ್ಟಿಯಾದ ಭಾಗವು ಯಕೃತ್ತಿನಂತೆ ಕಾಣುತ್ತದೆ, ಆದರೆ ಅದು ಹೊದಿಕೆಯನ್ನು ತಾಗಿರಬೇಕು. ಆಳದಲ್ಲಿರುವ ರೋಗ ಕಾಣದು. ಅದಕ್ಕೆ ಎಕ್ಸ್‌ರೇ ಅಥವಾ ಸಿ.ಟಿ. ಬೇಕು.

ಎದೆಯಲ್ಲಿ ತುಂಬಿದ ನೀರು ಕಪ್ಪಾಗಿ, ವಪೆಯ ಮೇಲ್ಗಡೆ ಕಾಣಿಸುತ್ತದೆ. ನಿಂತು ತೆಗೆದ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ 200 ಮಿಲಿಲೀಟರ್‌ನಷ್ಟು ನೀರಿದ್ದಾಗ ಸುಳಿವು ಸಿಗುತ್ತದೆ. ಅಲ್ಟ್ರಾಸೌಂಡ್‌ಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ನೀರಿನೊಳಗೆ ಜೇಡರ ಬಲೆಯಂತಹ ಎಳೆಗಳಿದ್ದರೆ ಸೋಂಕಿನ ಶಂಕೆ ಬಲವಾಗುತ್ತದೆ. ಭಾರತದಲ್ಲಿ ಇಂತಹ ನೀರಿಗೆ ಕ್ಷಯ ಒಂದು ಪ್ರಮುಖ ಕಾರಣ. ಆದರೆ ಚಿತ್ರ ನೋಡಿದ ಮಾತ್ರಕ್ಕೆ ಕ್ಷಯವೆನ್ನಲಾಗದು, ನೀರನ್ನು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳ ಮತ್ತು ನರ ಇರುವುದರಿಂದ ಸೂಜಿಯನ್ನು ಪಕ್ಕೆಲುಬಿನ ಮೇಲಂಚಿಗೆ ತಾಗಿದಂತೆ ತೂರಿಸುತ್ತಾರೆ. ಅಲ್ಟ್ರಾಸೌಂಡ್ ನೋಡಿಕೊಂಡು ಹೀಗೆ ಮಾಡಿದರೆ ಶ್ವಾಸಕೋಶಕ್ಕೆ ಚುಚ್ಚುವ ಸಂಭವ ಕಡಿಮೆಯಾಗುತ್ತದೆ. ಕ್ಷಯವೆಂದು ದೃಢಪಟ್ಟರೆ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಔಷಧಿ ಉಚಿತ.

ಬೀದರ್ ಜಿಲ್ಲೆಯಲ್ಲಿ ಲಭ್ಯತೆ ಮತ್ತು ಕಾನೂನು

ಬೀದರ್ ನಗರದಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಬೋಧನಾ ಆಸ್ಪತ್ರೆ ಇವೆ. ಭಾಲ್ಕಿ ಮತ್ತು ಔರಾದ್‌ಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮಹಾರಾಷ್ಟ್ರ, ತೆಲಂಗಾಣಗಳ ಗಡಿ ಹತ್ತಿರವಿರುವುದರಿಂದ ಉದಗೀರ, ಲಾತೂರ, ಹೈದರಾಬಾದ್‌ಗಳಿಗೆ ಹೋಗುವ ರೋಗಿಗಳೂ ಉಂಟು. ಹಾಗೆ ಹೋಗುವಾಗ ಹಳೆಯ ವರದಿ ಮತ್ತು ಚಿತ್ರಗಳನ್ನು ಜೊತೆಗೆ ಒಯ್ಯಬೇಕು. ಹೊಸ ವೈದ್ಯರಿಗೆ ಸೀಳಿನ ಅಗಲ ಅಥವಾ ನೀರಿನ ಪ್ರಮಾಣ ಎಷ್ಟು ಬದಲಾಗಿದೆ ಎಂಬುದು ತಿಳಿಯುವುದು ಅವುಗಳಿಂದಲೇ.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯಡಿ, ಲಿಂಗ ಪತ್ತೆಗೆ ಬಳಸಬಹುದಾದ ಅಲ್ಟ್ರಾಸೌಂಡ್ ಯಂತ್ರವಿರುವ ಕೇಂದ್ರವು ನೋಂದಣಿ ಪಡೆದಿರಬೇಕು. ಎದೆ ಅಥವಾ ಹರ್ನಿಯಾ ನೋಡಲೆಂದೇ ಯಂತ್ರ ಇಟ್ಟುಕೊಂಡವರಿಗೂ ಇದರಿಂದ ವಿನಾಯಿತಿಯಿಲ್ಲ. ಕೈಯಲ್ಲಿ ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆವರಣದ ಒಳರೋಗಿಗಳಿಗೆ ಅಥವಾ ಇತರ ಆರೋಗ್ಯ ಸೇವೆಗಳನ್ನೂ ನೀಡುವ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದೆಂದು 2012ರ ತಿದ್ದುಪಡಿ ನಿಯಮ ಹೇಳುತ್ತದೆ. ಹೆಣ್ಣುಭ್ರೂಣಗಳ ರಕ್ಷಣೆಗೆ ಈ ಬಿಗಿ ಅಗತ್ಯವಾಗಿದೆ. ಆದರೆ ಹಳ್ಳಿಯ ಮನೆಯಲ್ಲಿ ಮಲಗಿರುವ ವೃದ್ಧರ ಎದೆಯನ್ನು ಅಲ್ಲಿಯೇ ನೋಡುವ ಅವಕಾಶವೂ ಇದರಿಂದ ಕುಗ್ಗುತ್ತದೆ. ಎಂ.ಬಿ.ಬಿ.ಎಸ್. ಪದವೀಧರರು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್ ಮಾಡಲು ಪಡೆಯಬೇಕಾದ ಆರು ತಿಂಗಳ ತರಬೇತಿಯ ನಿಯಮಗಳು 2014ರಲ್ಲಿ ಹೊರಬಿದ್ದವು.